ಮೂವತ್ನಾಕು ಹಲ್ಲಿನ ಪುಣ್ಯ

ಸೈಕಲ್ ಮ್ಯಾಲ ಕುಂತಾಂವನ ಮರ್ಯಾದಿ ಗಟ್ಟಿ ಇರೂದಿಲ್ರಿ. ಗೇರಿನ ಸೈಕಲ್ ಇದ್ರಂತೂ ಓಣಿಗೊಮ್ಮೆ ಉದರತೈತಿ.

ಆದ್ರೂ ಹೇಳ್ತೇನಿ, ವಿಜಾಪುರದಾಗ ನನ್ನಂಗ ಸೈಕಲ್ ಹೊಡದಾಂವ ಇನ್ನೊಬ್ಬಿಲ್ಲ. ಹಾಲಿನ ಕ್ಯಾನ್ ಕಟಗೊಂಡು ಊರೆಲ್ಲಾ ತಿರಗೀನಿ. ಪಂಚಮಿಗೆ ಟಿಕೋಟಾಕ್ಕ ತಂಗೀನ ಕರಿಯಾಕ ಹೋಗೂದೂ ಸೈಕಲ್ ಮ್ಯಾಲನ. ಆದ್ರ ಮಣಕಾಲು ಕೈ ಕೊಟ್ವು. ಮನಿಯಾಕಿ, "ಇನ್ನ ಸೈಕಲ್ ಬಂದ್. ಬಸ್ಸಿಗೆ ಹೋಗ್ರಿ" ಅಂದ್ಳು. ಅಷ್ಟರಾಗ ಅಳಿಯ ದೇವರಂಗ ಬಂದು ತನ್ನ ಹಳೆ ಗೇರಿನ ರೇಸ್ ಸೈಕಲ್ ಕೊಟ್ಟ. "ಮಾವಾರ, ಇದರಾಗ ಮಣಕಾಲಿಗೆ ತ್ರಾಸಿಲ್ಲ."

ಮನಿಯಾಕಿ ಕರಾರು ಹಾಕಿದ್ಳು: "ಈ ಪಂಚಮಿಗೆ ಟಿಕೋಟಾ ಮುಟ್ಟೂತನಾ ಇಳಿಬಾರದು. ಇಳದು ದೂಡಿದ್ರಿ ಅಂದ್ರ ಸೈಕಲ್ ಅಳಿಯಗ ವಾಪಸ್!"

ಗಿರಣಿ

ಹಿಂದಿನ ಗಾಲಿಗೆ, ಕೈಗೆ ಬಳಿ ಏರಿಸಿದಂಗ, ಹಲ್ಲಿನ ಚಕ್ರ ಸಾಲಾಗಿ ಕುಂತಿರತಾವ್ರಿ. ಕ್ಯಾಸೆಟ್ ಅಂತಾರ. ನಂದು ಹನ್ನೊಂದು ಹಲ್ಲಿನಿಂದ ಮೂವತ್ನಾಕರ ತನಕ. ದೊಡ್ಡದಕ್ಕ ಜೋರು ಹೆಚ್ಚು ಅಂತ ತಿಳದು, ಅಥಣಿ ರಸ್ತೆದಾಗ ಚಾದಂಗಡಿ ಮುಂದ ದೊಡ್ಡ ಚಕ್ರಕ್ಕ ಚೈನ್ ಏರಿಸಿ ತುಳದೆ. ಕಾಲು ಗರಗರ, ಸೈಕಲ್ ಅಲ್ಲೇ. ಹಿಂದಿಂದ ಬಂದ ಮೇವಿನ ಬಂಡಿಯಾಂವ ನನ್ನ ದಾಟಿ ಹೋಗಿ ಅಂದ:

"ಕಾಕಾ, ಜ್ವಾಳ ಬೀಸಾಕತ್ತೀರೇನು? ನಂದೂ ಒಂದ್ ಚೀಲ ಐತಿ!"

ದೋಸ್ತನ ಇಪ್ಪತ್ತೈದು

ಇಬ್ರಾಹಿಂಪುರದಾಗ ನನ್ನ ದೋಸ್ತ ಅದಾನ. ಅವಂದೂ ಗೇರಿನ ಸೈಕಲ್, ಹನ್ನೊಂದರಿಂದ ಇಪ್ಪತ್ತೈದು.

"ಬರೇ ಇಪ್ಪತ್ತೈದೇನಲೇ?" ಅಂದೆ.

"ನನ್ನ ಚಕ್ರ ಒಂದಕ್ಕೊಂದು ಒಂದೆರಡ ಹಲ್ಲಿನ ಫರಕಲೇ. ನೀ ಗೇರ್ ಬದಲಿ ಮಾಡಿದ್ರ ಮೆಟ್ಲಾ ತಪ್ಪಿ ಬಿದ್ದಂಗ ಆಗತೈತಿ."

ಬಬಲೇಶ್ವರ ರಸ್ತಾ ಹಿಡದ್ವಿ. ಸಪಾಟ ಇರೂತನಾ ಅಂವ ಮುಂದ. ನನಗ ಒಂದ್ ಗೇರ್ ಭಾಳ ಹಗುರ, ಮುಂದಿಂದು ಭಾಳ ಬಿಗಿ. ಆಮ್ಯಾಲ ಏರು ಬಂತು. ಏರಿನ್ಯಾಗ ಹಲ್ಲು ಹೆಚ್ಚಿದ್ದಷ್ಟೂ ತುಳಿಯೂದು ಹಗುರ; ಇಪ್ಪತ್ತೈದು ಸಾಲಲಿಲ್ಲ, ದೋಸ್ತ ಇಳದು ದೂಡಾಕ ಹತ್ತಿದ. ನಾ ಮೂವತ್ನಾಕಕ್ಕ ಹಾಕಿ ಅವನ್ನ ಮುಟ್ಟಿದೆ. ಮುಟ್ಟಿದೆ ಅಷ್ಟ, ದಾಟಲಿಲ್ಲ. ಅಂವ ನಡಕೋತ, ನಾ ತುಳಕೋತ, ಜೋಡೀಲೆ ಮಾತಾಡಿಕೋತ ಏರಿದ್ವಿ.

"ಮತ್ತ ಯಾರು ಗೆದ್ರಲೇ?" ಅಂದ.

"ನಾನ! ನಾ ಕುಂತು ಬಂದೀನಿ."

ಪಂಚಮಿ

ಶ್ರಾವಣದ ಗಾಳಿ ಟಿಕೋಟಾ ಕಡಿಂದನ ಬೀಸತೈತಿ. ಏರಿಲ್ಲದಲ್ಲೂ ಏರು. ಮೂವತ್ನಾಕಕ್ಕ ಹಾಕಿ, ತಲಿ ಬಗ್ಗಿಸಿ ತುಳದೆ. ಬಾಜೂ ಬಸ್ ಬಂತು. ಕಿಟಕ್ಯಾಗ ಯಾರು? ಮನಿಯಾಕಿ! ಪರೀಕ್ಷಾ ಮಾಡಾಕ ಹೊಂಟಾಳ.

"ಇಳೀತೀರೇನು?" ಅಂತ ಒದರಿದ್ಳು.

ಬಸ್ಸಿನ ಮಂದಿ ಎಲ್ಲಾ, "ಇಳಿಬ್ಯಾಡ್ರಿ ಕಾಕಾ!" ಅಂತ ಕೂಗಿದ್ರು.

ಇಳಿಲಿಲ್ರಿ. ತಂಗಿ ಬಾಗಲಕ್ಕ ಹೋಗಿನ ಕಾಲು ಊರಿದೆ. ಮನಿಯಾಕಿ ಕಟ್ಟಿ ಮ್ಯಾಲ ಕುಂತಿದ್ಳು. "ಗೆದ್ರಿ. ಸೈಕಲ್ ಇರಲಿ" ಅಂದು, ಮಾರಿ ಒರಸಗೊಳ್ಳಾಕ ಸೆರಗು ಕೊಟ್ಳು. ಆ ದೊಡ್ಡ ಚಕ್ರಕ್ಕ, ಅಳಿಯಗ, ಕೂಗಿದ ಮಂದಿಗೆ ಎಲ್ಲಾರಿಗೂ ಮನಸಿನ್ಯಾಗ ಕೈ ಮುಗದೆ.

ತಂಗಿ ಉಂಡಿ ಡಬ್ಬಿ, ಅರಿವಿ ಗಂಟು ಹಿಡಕೊಂಡು ಹೊರಗ ಬಂದ್ಳು. ನಾ ಕ್ಯಾಸೆಟ್ ತೋರಿಸಿ ಎಲ್ಲಾ ತಿಳಿಸಿ ಹೇಳಿದೆ. ಆಕಿ ಸೈಕಲ್ಲಿಗೆ ಒಂದ್ ಸುತ್ತು ಹಾಕಿ ನಿಂತ್ಳು.

"ಅಣ್ಣಾ, ಹಲ್ಲು ಚಂದ ಅದಾವು. ನನ್ನ ಕರಕೊಂಡು ಹೋಗಾಕ ಬಂದೀಯಲ್ಲ, ಕ್ಯಾರಿಯರ್ ಎಲ್ಲೈತೋ?"

ಅತ್ತಿಗಿ-ನಾದಿನಿ ನಕ್ಕೋತ ಬಸ್ಸಿಗೆ ಹೋದ್ರು. ನನ್ನ ಜೋಡಿ ಬಂದದ್ದು ಉಂಡಿ ಡಬ್ಬಿ ಒಂದ. ಅದೂ ಕೊಳ್ಳಾಗ ಜೋತಬಿದ್ದು.