ಗೋಡೆಯ ನಡುವೆ ಒಂದಿಂಚು

“ಬಿರುಕಿಗೆ ನೀವಲ್ಲಂದ್ರ ನಾನೇನವ್ವ ಕಾರಣ?”

“ಹೌದ್ರಿ, ನೀವ. ನಾನು ಬಿಟ್ಟ ಸಂದಿ ಮುಚ್ಚಿಸಿದ್ದು ಯಾರು?”

ಕೊಟ್ಟೂರಿನ ಸೇಂಗಾ ವ್ಯಾಪಾರಿ ಮರುಳಪ್ಪ ಮೇಲೆ ನೋಡಿದ. ಅವನೂ ತಮ್ಮ ಗುರುಶಾಂತನೂ ಸೇರಿ ಕಟ್ಟಿಸುತ್ತಿದ್ದ ಉದ್ದನೆಯ ಮಳಿಗೆಯ ಗೋಡೆಯ ನಟ್ಟನಡುವೆ, ಬುಡದಿಂದ ತುದಿಯವರೆಗೆ, ಇಂಜಿನಿಯರ್ ಸುಕನ್ಯಾ ಒಂದಿಂಚು ಸಂದಿ ಬಿಟ್ಟಿದ್ದಳು. ಅವಳು ಊರಲ್ಲಿಲ್ಲದ ದಿನ ಮರುಳಪ್ಪ ಅದಕ್ಕೆ ಸಿಮೆಂಟ್ ತುಂಬಿಸಿ ಗುಲಾಬಿ ಬಣ್ಣ ಬಳಿಸಿದ್ದ. ಏಪ್ರಿಲ್ ಬಿಸಿಲಿಗೆ ಗೋಡೆ ಅಲ್ಲೇ ಅಂಕುಡೊಂಕಾಗಿ ಸೀಳಿತ್ತು.

“ಆ ಸಂದಿ ನೋಡಿ ಮಂದಿ ‘ಅಣ್ಣತಮ್ಮ ಪಾಲಾದ್ರು’ ಅಂತಿದ್ರವ್ವ. ಬೀಗರು ಫೋನ್ ಮಾಡಿ ಸಮಾಧಾನ ಹೇಳಿದ್ರು!”

“ಬಿಸಲಿಗೆ ಗ್ವಾಡಿ ಹಿಗ್ಗತೈತ್ರಿ.”

“ಈ ಬಿಸಲಾಗ ಮನುಷ್ಯಾರ ಹಿಗ್ಗವಲ್ರು, ಗ್ವಾಡಿಗೇನು ಸಂಭ್ರಮ?”

“ಅಯ್ಯ, ಉಬ್ಬತೈತ್ರಿ! ತಂಪಾದ್ರ ಕುಗ್ಗತೈತಿ. ಅದಕ್ಕ ಜಾಗ ಬೇಕು.”

“ಮದ್ಲ ಹೇಳಬಾರದೇನು?”

“ಮೂರು ಸಲ ಹೇಳೀನಿ. ‘ಹೂಂ, ಹೂಂ’ ಅಂದ್ರಿ.”

“ಫೋನಿನ್ಯಾಗ ಸೇಂಗಾ ರೇಟು ಕೇಳ್ತಿದ್ದೆ. ಆ ‘ಹೂಂ’ ನಿಮಗಲ್ಲ.”

ಸಿಮೆಂಟ್ ಕೊರೆದು ತೆಗೆಯಲು ಎರಡು ದಿನ ಹಿಡಿಯಿತು. ಸುಕನ್ಯಾ ಸಂದಿಗೆ ಮೆತ್ತನೆಯ ಫೋಮ್ ತುರುಕಿಸಿ, ರಬ್ಬರಿನಂತೆ ಹಿಗ್ಗುವ ಅಂಟು ತುಂಬಿಸಿ, ಮೇಲೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿದಳು.

“ಸ್ಕ್ರೂ ಒಂದ ಕಡಿಗೆ ಅದಾವಲ್ಲವ್ವ?”

“ಎರಡೂ ಕಡಿ ಬಿಗದ್ರ ಗ್ವಾಡಿ ಸರಿದಾಗ ಪಟ್ಟಿ ಕಿತ್ಕಂಡು ಬರತೈತ್ರಿ. ಒಂದು ಕಡಿ ಸಡ್ಲ ಇರ್ಬೇಕು.”

ಈ ಸಲ ಮರುಳಪ್ಪ ಫೋನ್ ಜೇಬಿಗಿಟ್ಟು ಕೇಳಿದ.

ಮರುದಿನ ಹಗರಿಬೊಮ್ಮನಹಳ್ಳಿಯಿಂದ ಗುರುಶಾಂತ ಬಂದ. ಮರುಳಪ್ಪ ಮಳಿಗೆ ಮುಟ್ಟುವ ಹೊತ್ತಿಗೆ ತಮ್ಮ ಬೆವರು ಒರೆಸಿಕೊಳ್ಳುತ್ತ ಏಣಿ ಇಳಿಯುತ್ತಿದ್ದ.

“ಅಣ್ಣ, ಆ ಇಂಜಿನಿಯರಮ್ಮ ಒಂದು ಕಡಿ ಸ್ಕ್ರೂ ಹಾಕೋದ ಮರ್ತಾಳ. ಅಷ್ಟೂ ನಾನ ಬಿಗಿದೀನಿ!”

“ಬಿಚ್ಚಲೇ! ಗ್ವಾಡಿ ಉಬ್ಬತೈತಿ, ಕುಗ್ಗತೈತಿ, ಪಟ್ಟಿ ಸಡ್ಲ ಇರ್ಬೇಕು!”

ಗುರುಶಾಂತ ಬಾಯಿ ಬಿಟ್ಟು ನಿಂತ. “ಇದೆಲ್ಲಾ ನಿನಗ ಹೆಂಗ ಗೊತ್ತಣ್ಣ?”

ತಮ್ಮ ಅಷ್ಟು ಬೆರಗಾದದ್ದನ್ನು ಮರುಳಪ್ಪ ಹಿಂದೆಂದೂ ಕಂಡಿರಲಿಲ್ಲ. ಮೀಸೆ ನೇವರಿಸಿಕೊಂಡ.

“ಆಕಿಗೇನು ಗೊತ್ತಾಗತೈತಲೇ, ಸಣ್ಣ ಹುಡುಗಿ. ಬಾಜು ನಿಂತು ನಾನ ಹೇಳಿ ಮಾಡ್ಸೀನಿ.”

“ಹಂಗಾದ್ರ ಸಾವ್ಕಾರ್ರ…” ಬೆನ್ನ ಹಿಂದಿನಿಂದ ದನಿ ಬಂತು. ಸುಕನ್ಯಾ ಸ್ಕ್ರೂಡ್ರೈವರ್ ಚಾಚಿದ್ದಳು. “ಬಿಚ್ಚೋದನ್ನೂ ಏಣಿ ಹತ್ತಿ ನೀವ ತೋರಿಸ್ರಿ. ನಾನು ಕೆಳಗ ನಿಂತು ಕಲೀತೀನಿ.”