ಅಳಿಯಂದಿರ ಕಾರು, ಮಗಳ ಟ್ರೆಡ್‌ಮಿಲ್

ಇಂಗ್ಲೆಂಡಿನ ನಮ್ಮ ಮನೇಲಿ ಯಾವ ಕೆಲಸಕ್ಕೆ ಕೈ ಹಾಕಿದರೂ ನಾಲ್ಕು ಜನ ನಗದೆ ಅದು ಮುಗಿಯೋದಿಲ್ಲ. ಈ ಸಲ ಅಳಿಯಂದಿರಿಗೆ ಹಳೇ ಅಮೆರಿಕನ್ ಮಸಲ್ ಕಾರಿನ ಹುಚ್ಚು ಹಿಡೀತು. ಉದ್ದ ಮೂತಿ, ಹುಲಿ ಗುರುಗುಟ್ಟಿದ ಹಾಗೆ ಸದ್ದು. ಅಗ್ಗಕ್ಕೆ ತಂದು ತಾವೇ ರಿಪೇರಿ ಮಾಡ್ತಾರಂತೆ! ಅವರೋ ಮಕ್ಕಳ ಡಾಕ್ಟರು, ಸ್ಪ್ಯಾನರ್ ಹಿಡಿದವರೇ ಅಲ್ಲ.

ಮಗಳು ಖಡಾಖಂಡಿತವಾಗಿ ಹೇಳಿದಳು: "ದೀಪಾವಳಿಯೊಳಗೆ ಅಮ್ಮ ಒಪ್ಪೋ ಕಾರು ಸಿಗದಿದ್ದರೆ ಗ್ಯಾರೇಜು ನನ್ನ ಟ್ರೆಡ್‌ಮಿಲ್ಲಿಗೆ."

ಸೀರೆ, ಬದನೆಕಾಯಿ, ಸಂಬಂಧ, ಎಲ್ಲಾ ಆರಿಸೋಳು ನಾನೇ. ಅಳಿಯಂದಿರನ್ನೂ ನಾನೇ ಆರಿಸಿದ್ದು. ಕಾರು ಯಾವ ಲೆಕ್ಕ?

ಲೆಸ್ಟರ್ ಊರಿನ ಕೆಂಪು ಕಾರು

ಕನ್ನಡಿ ಹಾಗೆ ಹೊಳೀತಿತ್ತು. ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಯಸ್ಕಾಂತ ಹಿಡಿಯಲ್ಲ ಅಂತ ಅಳಿಯಂದಿರು ಎಲ್ಲೋ ನೋಡಿದ್ದರು. ನಮ್ಮ ಫ್ರಿಜ್ಜಿಗೆ ಅಂಟಿಸಿದ್ದ ಪುಟ್ಟ ಅಯಸ್ಕಾಂತದ ಗಣಪತಿಯನ್ನೇ ಕಿತ್ತು ತಂದಿದ್ದರು. ಬಾಗಿಲಿಗೆ ಇಟ್ಟರೆ ಗಣಪತಿ ಟಪ್ ಅಂತ ಬಿದ್ದ. ಇನ್ನೊಂದು ಬಾಗಿಲಲ್ಲೂ ಬಿದ್ದ.

"ಏನಂತೀರಿ ಅತ್ತೆ?" ಅಂದರು.

"ದೇವರೇ ಕೂರಲ್ಲ ಅಂತಿದಾನೆ, ನಾವು ಕೂರೋದಾ?"

ಹಡರ್ಸ್‌ಫೀಲ್ಡಿನ ಬಿಸಿ ಕಾರು

ಇಲ್ಲಿ ಗಣಪತಿ ಕೂತ. ಎಂಜಿನ್ನೂ ಒಂದೇ ಸಲಕ್ಕೆ ಶುರುವಾಯಿತು. "ಬೆಳಿಗ್ಗೆಯಿಂದ ಮುಟ್ಟೇ ಇಲ್ಲ" ಅಂದ ಮಾರೋನು. ಬಾನೆಟ್ ಮೇಲೆ ಕೈಯಿಟ್ಟರೆ ಆಗಲೇ ಕಾದ ಹೆಂಚು! ನಾವು ಬರೋ ಮುಂಚೆ ಕಷ್ಟಪಟ್ಟು ಶುರು ಮಾಡಿಟ್ಟಿದ್ದಾನೆ.

"ಆರಲಿ, ಕಾಯೋಣ" ಅಂದೆ. ಅವನ ಹೆಂಡತಿ ಪಾಪ ಟೀ ಕೊಟ್ಟಳು. ನಾನು ಊದಿ ಊದಿ ಕುಡಿದೆ, ಇನ್ನೊಂದು ಕಪ್ಪೂ ಕೇಳಿದೆ. ಆಮೇಲೆ ಕಾರು ಕೆಮ್ಮಿತು, ಏಳಲಿಲ್ಲ.

ಅವನು ಹೆಂಡತಿಗೆ ಗೊಣಗಿದ: "ಟೀ ಕೊಡು ಅಂತ ನಿನಗ್ಯಾರು ಹೇಳಿದ್ದು?"

ನಿಂಬೆಹಣ್ಣಿನ ಕಾರು

ದೀಪಾವಳಿ ಹತ್ತಿರ ಬಂತು. ಅಳಿಯಂದಿರ ಮುಖ ಬಾಡಿತ್ತು. ಕೊನೆಗೆ ಇಲ್ಲೇ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಒಂದು ಸಿಕ್ಕಿತು. ನಾಲ್ಕು ಬಾಗಿಲು, ಶೋಕಿಯವರಿಗೆ ಎರಡೇ ಬಾಗಿಲಿನದು ಬೇಕು, ಅದಕ್ಕೇ ಇದು ಅಗ್ಗ. ಬಣ್ಣ ಮಾಸಿದೆ, ಎಂಜಿನ್ ಓಡಲ್ಲ, ಮಾರೋನು ಎರಡನ್ನೂ ತಾನಾಗೇ ಹೇಳಿದ. ಗಣಪತಿ ಎಲ್ಲಿಟ್ಟರೂ ಗಟ್ಟಿಯಾಗಿ ಕೂತ.

"ಇದೇ" ಅಂದೆ.

ಲಾರಿ ಮನೆ ಮುಂದೆ ಇಳಿಸಿಹೋಯಿತು. ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಮ್ಮಾ, ಓಡದೇ ಇರೋದನ್ನ ಒಪ್ಪಿದ್ಯಾ?"

"ಓಡೋದನ್ನ ತಂದರೆ ನಿನ್ನ ಗಂಡ ರಿಪೇರಿ ಏನು ಮಾಡ್ತಾರೆ?"

ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಇಟ್ಟೆ. ಹಣ್ಣಿನ ಮೇಲೆ ಚಕ್ರ ಹರೀಬೇಕಲ್ಲ, ತಳ್ಳೋದೇ ದಾರಿ. ನಾನು ಎಂದಿನಂತೆ ಎಡಗಡೆ ಹತ್ತಿ ಕೂತರೆ ಎದುರಿಗೇ ಸ್ಟೀರಿಂಗು! ಅಮೆರಿಕದ ಕಾರು ನೋಡಿ.

"ಇರಲಿ ಅತ್ತೆ, ನೇರ ಹಿಡ್ಕೊಳ್ಳಿ ಸಾಕು" ಅಂದರು ಅಳಿಯಂದಿರು.

ಗಂಡಹೆಂಡತಿ ಹಿಂದಿನಿಂದ ತಳ್ಳಿದರು. ನಿಂಬೆಹಣ್ಣು ಪಚಕ್ ಅಂತು, ಕಾರು ತೆವಳುತ್ತಾ ಗ್ಯಾರೇಜು ಸೇರಿತು. ಪಕ್ಕದ ಮನೆಯಾಕೆ ಬಂದು "ಅಯ್ಯೋ, ಕೆಟ್ಟುಹೋಯ್ತಾ?" ಅಂದಳು. "ಇನ್ನೂ ಶುರುವೇ ಆಗಿಲ್ಲ" ಅಂದೆ.

ಮಗಳು ಏದುಸಿರು ಬಿಡುತ್ತಾ ಬಂದಳು. "ಅಮ್ಮಾ, ಈಗ ನನ್ನ ಟ್ರೆಡ್‌ಮಿಲ್ ಎಲ್ಲಿಡೋದು?"

"ಅದ್ಯಾಕೆ ಇನ್ನು? ಬೆವರು ಬಂತು ತಾನೇ! ನಾಳೆ ಹೊರಗೆ ತಳ್ಳು, ನಾಡಿದ್ದು ಒಳಗೆ ತಳ್ಳು."