ಅತ್ತೆಯವರ ವಿಮಾನಕ್ಕೆ ಅಳಿಯನ ಪ್ಲಾನು

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ಸುದರ್ಶನ ಆ ಭಾನುವಾರ ಕಾಫಿ ಲೋಟವನ್ನು ಟೇಬಲ್ ಮೇಲೆ ಕುಟ್ಟಿ, ಯಾವ ಟ್ರಾವೆಲ್ ಏಜೆಂಟನ ಹಂಗೂ ಇಲ್ಲದೆ ಇಡೀ ಪರಿವಾರವನ್ನು ತಾನೊಬ್ಬನೇ ವಿಯೆಟ್ನಾಮಿನ ಡಾ ನಾಂಗ್ ಕಡಲತೀರಕ್ಕೆ ಮುಟ್ಟಿಸುವುದಾಗಿ ಘೋಷಿಸಿದ. ಮ್ಯಾಕ್ವೆರಿ ಪಾರ್ಕ್‌ನ ಆಫೀಸಿನಲ್ಲಿ ಅವನು ಪ್ರಾಜೆಕ್ಟ್ ಮ್ಯಾನೇಜರ್. ಅಲ್ಲಿ ಯಾರೂ ಅವನ ಮಾತು ಕೇಳುವುದಿಲ್ಲವಾದ್ದರಿಂದ ಉಳಿದ ಪ್ರತಿಭೆಯೆಲ್ಲ ಮನೆಗೆ ಬರುತ್ತಿತ್ತು.

ಸಿಡ್ನಿಯಿಂದ ಅವನು, ಹೆಂಡತಿ ಸಿಂಚನಾ, ಮಗಳು ಆದ್ಯಾ. ಮೆಲ್ಬರ್ನ್‌ನಿಂದ ಭಾವಮೈದುನ ಯತೀಶ ಮತ್ತು ಅವನ ಹೆಂಡತಿ. ಮ್ಯೂನಿಕ್‌ನಲ್ಲಿರುವ ನಾದಿನಿ ಶರ್ವಾಣಿಯ ಮನೆಯಿಂದ, ಒಬ್ಬರೇ, ಅತ್ತೆ ಜಯಲಕ್ಷ್ಮಮ್ಮನವರು. ಅವರಿಗೆ ಎಪ್ಪತ್ತು ತುಂಬುತ್ತಿತ್ತು. ಹೋಮ, ಶಾಂತಿ ಏನೂ ಬೇಡ, ಎಲ್ಲರೂ ಒಂದು ಕಡೆ ಸೇರಿ ಸಮುದ್ರ ನೋಡೋಣ ಎಂದಿದ್ದರು. ಸಕ್ಕರೆ ಕಾಯಿಲೆಯವರು, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ತಲೆ ಸುತ್ತುತ್ತದೆ. ಆದರೆ ಮೊಟ್ಟೆ ಬೆಂದ ಪಾತ್ರೆಯಲ್ಲಿ ನೀರನ್ನೂ ಕುಡಿಯದವರು.

ಸುದರ್ಶನ ಎಕ್ಸೆಲ್ ಶೀಟು ತೆರೆದ. ಮ್ಯೂನಿಕ್ ಸೂರ್ಯೋದಯಕ್ಕೆ ಲೆಕ್ಕ ಹಾಕಿದ ರಾಹುಕಾಲಕ್ಕೇ ಒಂದು ಕಾಲಮ್ಮು! ವಾರವಾರವೂ ವಿಡಿಯೋ ಕರೆಯಲ್ಲಿ ಮೂರು ಊರಿನವರನ್ನು ಕೂರಿಸಿ ವರದಿ ಒಪ್ಪಿಸಿದ. ಸಿಡ್ನಿಯವರಿಗೂ ಮೆಲ್ಬರ್ನ್‌ನವರಿಗೂ ಸಿಂಗಾಪುರದಲ್ಲಿ ವಿಮಾನ ಬದಲಿಸಲು ಬರೀ ಐವತ್ತೈದು ನಿಮಿಷ. ಒಂದು ಗಳಿಗೆಯೂ ದಂಡವಾಗದು ಎಂದು ಮೀಸೆ ಇಲ್ಲದಿದ್ದರೂ ತಿರುವಿದ.

ಕೊನೆಗೆ ಊಟದ ಆಯ್ಕೆ. ಪಟ್ಟಿಯಲ್ಲಿ ಸಸ್ಯಾಹಾರವೇ ನಾಲ್ಕು ಬಗೆ. ಅವುಗಳ ಕೆಳಗೆ 'ಹಿಂದೂ ಊಟ' ಎಂದಿತ್ತು. ಸುದರ್ಶನನ ಕಣ್ಣು ತುಂಬಿ ಬಂತು. ಇದು ಸರಿಯಿದೆಯೇ ಎಂದು ಒಮ್ಮೆ ಕೇಳಿ ನೋಡಿ ಎಂದು ಸಿಂಚನಾ ಅಂದಳು. ಹಿಂದೂ ಊಟಕ್ಕಿಂತ ಮಡಿಯಾದ ಊಟ ಇನ್ನಾವುದಿದೆ ಎಂದು ಅವಳ ಬಾಯಿ ಮುಚ್ಚಿಸಿ, ಆರೂ ಜನಕ್ಕೆ ಅದನ್ನೇ ಒತ್ತಿದ.

ಸಿಡ್ನಿಯಿಂದ ವಿಮಾನ ಹಾರಿ ಎರಡು ಗಂಟೆಗೆ ಟ್ರೇ ಬಂತು. ಸಿಂಚನಾ ಮುಚ್ಚಳ ಸರಿಸಿದಳು. ಅನ್ನದ ಪಕ್ಕದಲ್ಲಿ, ಮಸಾಲೆಯಲ್ಲಿ ಮುಳುಗಿ, ಕುರಿ ಮಲಗಿತ್ತು.

ಗಗನಸಖಿ ನಗುನಗುತ್ತಲೇ ವಿವರಿಸಿದಳು: ಹಿಂದೂ ಊಟವೆಂದರೆ ದನದ ಮಾಂಸ ಇರುವುದಿಲ್ಲ, ಅಷ್ಟೆ. ಬೇರೆ ಸಸ್ಯಾಹಾರದ ಟ್ರೇ ಒಂದೂ ಉಳಿದಿಲ್ಲ.

"ರೀ," ಎಂದಳು ಸಿಂಚನಾ ಮೆಲ್ಲಗೆ, "ಅಮ್ಮ ಈಗ ಎಲ್ಲಿದಾರೆ?"

ಸುದರ್ಶನ ಗಡಿಯಾರ ನೋಡಿ ಮ್ಯೂನಿಕ್ ಸಮಯ ಲೆಕ್ಕ ಹಾಕಿದ. ಇನ್ನೇನು ಅತ್ತೆಯೂ ಹೊರಡುತ್ತಾರೆ. ಹನ್ನೊಂದು ಗಂಟೆ ಆಕಾಶದಲ್ಲಿ, ಮುಂದೆ ಎರಡು ಸಲ ಇದೇ ಕುರಿ. ಹಸಿದು ತಲೆ ಸುತ್ತಿ ಬಿದ್ದರೆ? ಈ ವಿಮಾನದಲ್ಲಿ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಅವನು ಊಟ ಮುಟ್ಟಲಿಲ್ಲ.

ಸಿಂಗಾಪುರದಲ್ಲಿ ಇಳಿಯುವ ಹೊತ್ತಿಗೆ ಅತ್ತೆಯ ಫೋನು ಸ್ವಿಚ್ ಆಫ್. ಮೆಲ್ಬರ್ನ್ ವಿಮಾನದಿಂದ ಇಳಿದ ಯತೀಶನ ಮೆಸೇಜು ಬಂದಿತ್ತು: "ಭಾವ, ಕುರಿ ಚೆನ್ನಾಗಿತ್ತಂತೆ. ಪಕ್ಕದ ಸೀಟಿನವರು ಹೇಳಿದ್ರು." ಐವತ್ತೈದು ನಿಮಿಷದಲ್ಲಿ ಓಡುವುದೇ ಆಯಿತು, ಒಂದು ಬಿಸ್ಕತ್ತು ಕೊಳ್ಳಲೂ ಪುರಸೊತ್ತಾಗಲಿಲ್ಲ. ಮುಂದಿನ ವಿಮಾನದಲ್ಲಿ ಬದಲಾವಣೆ ಇರಲೆಂದು ಕೋಳಿ ಕೊಟ್ಟರು.

ಮರುದಿನ ಬೆಳಿಗ್ಗೆ ಡಾ ನಾಂಗ್ ವಿಮಾನ ನಿಲ್ದಾಣದಲ್ಲಿ ಸುದರ್ಶನ ಗ್ಲೂಕೋಸ್ ಪೊಟ್ಟಣ ಹಿಡಿದು ನಿಂತಿದ್ದ. ಹರಕೆ ಹೊತ್ತವನಂತೆ ತಾನೂ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಗಾಲಿಕುರ್ಚಿಯಲ್ಲಿ ಜಯಲಕ್ಷ್ಮಮ್ಮನವರು ಬಂದರು. ಮುಖ ಕಳೆಕಳೆಯಾಗಿತ್ತು.

"ಅತ್ತೆ, ನನ್ನಿಂದ ದೊಡ್ಡ ತಪ್ಪಾಯ್ತು. ಊಟ..."

"ಊಟಕ್ಕೇನ್ರೀ, ಸೊಗಸಾಗಿತ್ತು. ಪಾಲಕ್, ಅನ್ನ, ಬೇಳೆ. ನೀವು ಹಿಂದೂ ಊಟ ಹಾಕ್ಸಿದೀರಿ ಅಂತ ಹೋದ ತಿಂಗಳೇ ಟಿಕೆಟ್ಟಲ್ಲಿ ನೋಡ್ದೆ. ಶರ್ವಾಣಿ ಕೈಲಿ ನನ್ನದನ್ನ ಬದಲಾಯಿಸಿಬಿಟ್ಟೆ."

ಸುದರ್ಶನನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಹೊಟ್ಟೆ ಚುರುಗುಟ್ಟಿತು.

"ನಮಗೂ ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ?"

"ಹೇಳೋಣ ಅಂತಿದ್ದೆ. ಆದ್ರೆ ಇಷ್ಟು ಮುತುವರ್ಜಿಯಿಂದ ಪ್ಲಾನ್ ಮಾಡಿದೀರಿ. ಅಳಿಯಂದಿರ ತಪ್ಪು ಎತ್ತಿ ಆಡಿದರೆ ಚೆನ್ನಾಗಿರುತ್ತಾ? ಮರ್ಯಾದೆ ಪ್ರಶ್ನೆ ನೋಡಿ, ಸುಮ್ಮನಾದೆ."

ಅಷ್ಟು ಹೇಳಿ ಅವರು ಕೈಚೀಲಕ್ಕೆ ಕೈ ಹಾಕಿ, ಕಾಗದದ ಕರವಸ್ತ್ರದಲ್ಲಿ ಸುತ್ತಿದ್ದ ವಿಮಾನದ ಬನ್ನೊಂದನ್ನು ತೆಗೆದರು.

"ಹಸಿದಿರ್ತೀರಿ ಅಂತ ಗೊತ್ತಿತ್ತು. ತಗೊಳ್ಳಿ."

ಮರ್ಯಾದೆ ಅಲ್ಲೇ ನಿಂತು ನೋಡುತ್ತಿರಲು, ಸುದರ್ಶನ ಬನ್ನು ತಿಂದ.